ಚಿತ್ತಮ್ಮನಿಗೆಂದು ಇಟ್ಟ ಕುರ್ಚಿ

ಹೋದ ತಿಂಗಳು ಕೊರಟಗೆರೆಯಿಂದ ಗೊರವನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಮುದುಕರು ಬಂದು ನನ್ನ ಪಕ್ಕ ಕೂತರು. ಹೊರಗೆ ಜಡಿಮಳೆ. ಅವರ ಹೆಗಲ ಮೇಲೆ ಕರಿ ಕಂಬಳಿ. ನೆಂದ ಕಂಬಳಿಗೆ ಅದರದೇ ಒಂದು ವಾಸನೆ ಇದೆ. ಕುರಿ, ಹೊಗೆ, ಮಣ್ಣು ಮೂರೂ ಬೆರೆತದ್ದು. ಕಿಟಕಿಗಳನ್ನೆಲ್ಲ ಮುಚ್ಚಿದ್ದ ಬಸ್ಸಿನಲ್ಲಿ ಅದು ಗಾಢವಾಗಿ ಕವಿದುಕೊಂಡಿತು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಮಹಾಲಕ್ಷ್ಮಿಯ ದರ್ಶನಕ್ಕೆಂದು ಹೊರಟಿದ್ದವಳಿಗೆ ಮಧುಗಿರಿಯ ಒಂದು ಭಾನುವಾರ, ಬೀಜದಂಗಡಿಯ ಮಹಡಿ, ಅಲ್ಲಿಟ್ಟಿದ್ದ ಒಂದು ಪ್ಲಾಸ್ಟಿಕ್ ಕುರ್ಚಿ ನೆನಪಿಗೆ ಬಂದವು. ಇಳಿಯುವ ಜಾಗ ಬಂದಾಗ ಕಂಡಕ್ಟರ್ ನನ್ನನ್ನು ಕೂಗಿ ಎಚ್ಚರಿಸಬೇಕಾಯಿತು.

ಮಧುಗಿರಿಯಲ್ಲಿ ನಾನಿದ್ದದ್ದು ಒಂದೇ ವರ್ಷ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಲು ವರ್ಗವಾಗಿ ಹೋಗಿದ್ದೆ. ಬೆಟ್ಟದ ಬಂಡೆ ಹಗಲೆಲ್ಲ ಕಾದು ಸಂಜೆ ಹೊತ್ತಿಗೆ ಊರಿನ ಮೇಲೆ ಶಾಖ ಬಿಡುತ್ತಿದ್ದ ದಿನಗಳು. ಇಲ್ಲಿ ಕತೆ ಕವಿತೆ ಓದುವವರು ಯಾರಾದರೂ ಇದ್ದಾರಾ ಎಂದು ಕೇಳಿದಾಗ ಎಲ್ಲರೂ ಬೊಟ್ಟು ಮಾಡಿದ್ದು ನಾಗಪ್ಪ ಮೇಷ್ಟ್ರ ಕಡೆಗೆ. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಅವರು ತಿಂಗಳಿಗೊಂದು ಭಾನುವಾರ, ತಮ್ಮನ ಬೀಜ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಓದುಗರ ಕೂಟ ನಡೆಸುತ್ತಿದ್ದರು. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ, ಮೇಲೆ ಹೋದರೆ ಕಾಫಿ ವಾಸನೆ. ಪಾವಗಡದಿಂದ ಬರುತ್ತಿದ್ದ ಒಬ್ಬರು ಕನ್ನಡದಲ್ಲಿ ಮಾತು ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಯಾರಿಗೂ ಅದು ವಿಶೇಷ ಅನ್ನಿಸುತ್ತಿರಲಿಲ್ಲ.

ಮೇಷ್ಟ್ರಿಗೆ ಎರಡು ಚಾಳಿ ಇದ್ದವು. ವಯಸ್ಸಾದವರು ಯಾರಾದರೂ ನಿಂತಿದ್ದರೆ ಅವರಿಗೆ ಸಹಿಸಲು ಆಗುತ್ತಿರಲಿಲ್ಲ. ಮೆಟ್ಟಿಲಲ್ಲಿ ಒಂದು ಬಿಳಿ ತಲೆ ಕಂಡರೆ ಸಾಕು, ಓದುತ್ತಿದ್ದವರನ್ನೂ ನಿಲ್ಲಿಸಿ, ‘ಬನ್ನಿ, ಬನ್ನಿ, ಮೇಲ್ ಬನ್ನಿ’ ಎಂದು ವೇದಿಕೆಗೆ ಕರೆದು ಕೂರಿಸುತ್ತಿದ್ದರು. ಹೀಗಾಗಿ ಕೆಲವು ಭಾನುವಾರ ಕೆಳಗೆ ಕೂತವರಿಗಿಂತ ವೇದಿಕೆ ಮೇಲಿದ್ದವರೇ ಹೆಚ್ಚು. ಇನ್ನೊಂದು ಚಾಳಿ, ವೇದಿಕೆ ಹತ್ತಿದವರು ಯಾರೇ ಆಗಲಿ ಕೊನೆಗೆ ಎರಡು ಮಾತು ಆಡಲೇಬೇಕು. ಅಳಿಯನ ಮನೆಗೆಂದು ಬಂದು, ಮಳೆಗೆ ಮರೆಯಾಗಲು ಮಹಡಿ ಹತ್ತಿದ ಒಬ್ಬ ವೃದ್ಧರು ಮೈಕು ಹಿಡಿದು ಬಿತ್ತನೆ ಕಡಲೆಕಾಯಿಯ ವಿಷಯ ಮಾತಾಡಿ ಹೋದದ್ದನ್ನು ನಾನೇ ಕೇಳಿದ್ದೇನೆ.

ಚಿತ್ತಮ್ಮ ಆ ಕೂಟಕ್ಕೆ ತಪ್ಪದೆ ಬರುತ್ತಿದ್ದವಳು. ಐ.ಡಿ.ಹಳ್ಳಿ ಕಡೆಯ ಒಂದು ಹಟ್ಟಿಯಲ್ಲಿ ಅಂಗನವಾಡಿ ಟೀಚರು. ಹಟ್ಟಿ ಎಂದರೆ ಕುರಿ ಸಾಕುವವರ ಮನೆಗಳ ಗುಂಪು. ಸುತ್ತ ಬೇಲಿ, ನಡುವೆ ದೇವರ ಗುಡಿ. ಗಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುವವನಾದ್ದರಿಂದ ಅವಳು ಮಗಳನ್ನು ಕರೆದುಕೊಂಡು ತವರಿನಲ್ಲೇ, ತಾಯಿಯ ಜೊತೆ ಇದ್ದಳು. ಮೆಲ್ಲಗೆ ಮಾತಾಡುವ ಹೆಂಗಸು, ಆದರೆ ಓದಲು ನಿಂತರೆ ಗಂಟಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಶ್ರಾವಣದ ಕೂಟದಲ್ಲಿ ಅವಳು ಓದಿದ ಕತೆ ಕೇಳಿ ಮೇಷ್ಟ್ರು ಎಲ್ಲರೆದುರೇ ಕಣ್ಣೊರೆಸಿಕೊಂಡರು. ನಾನು ಕಣ್ಣೀರು ಹಾಕುವವಳಲ್ಲ. ಆದರೂ ಮನೆಗೆ ಹೋದ ಮೇಲೆ ಬೇರೆ ಏನನ್ನೂ ಓದಲು ಮನಸ್ಸಾಗಲಿಲ್ಲ.

ಕತೆ ಇಷ್ಟೇ. ಹಟ್ಟಿಯಲ್ಲಿ ಹೆತ್ತ ಹೆಂಗಸನ್ನು ಸೂತಕ ಕಳೆಯುವವರೆಗೆ ಬೇಲಿಯ ಹೊರಗಿನ ಗುಡ್ಲಿನಲ್ಲಿ, ಸೋಗೆಯ ಪುಟ್ಟ ಗುಡಿಸಲಿನಲ್ಲಿ, ಇಡುತ್ತಾರೆ. ಅಂಥ ಒಂದು ಗುಡ್ಲಿನಲ್ಲಿ ಬಾಣಂತಿ, ಹಸುಗೂಸು. ಮುಸ್ಸಂಜೆ ಮಳೆ ಹಿಡಿಯುತ್ತದೆ, ಸೋಗೆ ಸೋರುತ್ತದೆ, ಕೂಸು ಅಳುತ್ತದೆ. ಹಟ್ಟಿಯ ಯಜಮಾನ ಬೇಲಿಯವರೆಗೆ ಬರುತ್ತಾನೆ. ಅವನ ಕಂಬಳಿ ದೇವರ ಗುಡಿಯಲ್ಲಿ ಹಾಸುವ ಕಂಬಳಿ. ಗುಡ್ಲಿಗೆ ಕೊಟ್ಟರೆ ಅದು ಮತ್ತೆ ಗುಡಿಗೆ ಹೋಗುವ ಹಾಗಿಲ್ಲ. ಅವನು ಕೊಡುವುದಿಲ್ಲ. ಬಾಣಂತಿ ಚಿತ್ತಮ್ಮನೇ, ಯಜಮಾನ ಅವಳ ಅಪ್ಪನ ಅಣ್ಣ ಈರಪ್ಪ ಎಂಬುದನ್ನು ಕತೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮಗು ಬದುಕಿತು, ಕತೆಯಲ್ಲೂ, ನಿಜದಲ್ಲೂ. ಅದು ಆಗಲೇ ಶಾಲೆಗೆ ಹೋಗುತ್ತಿತ್ತು.

ಉತ್ತರೆ ಮಳೆಯ ಹೊತ್ತಿಗೆ ಕತೆ ಒಂದು ಮಾಸಪತ್ರಿಕೆಯಲ್ಲಿ ಬಂತು, ಎದುರುಬದುರು ಎರಡು ಪುಟ. ಯಾರೋ ಪುಣ್ಯಾತ್ಮ ಎಡಗಡೆಯ ಒಂದೇ ಪುಟದ ಫೋಟೋ ತೆಗೆದು ವಾಟ್ಸಾಪ್‌ಗೆ ಬಿಟ್ಟ. ‘ಕೊಡಲಿಲ್ಲ’ ಎನ್ನುವಲ್ಲಿಗೆ ಆ ಪುಟ ಮುಗಿದಿತ್ತು. ಅದು ಹಟ್ಟಿಯ ಮೊಬೈಲುಗಳಲ್ಲೆಲ್ಲ ಓಡಾಡಿತು. ಓದು ಬಾರದವರಿಗೆ ಓದು ಬಂದವರು ತಮಗೆ ತೋಚಿದಷ್ಟು ಸೇರಿಸಿ ಹೇಳಿದರು. ವಾರ ಕಳೆಯುವುದರೊಳಗೆ, ಯಜಮಾನ ಕೂಸನ್ನು ಸಾಯಲು ಬಿಟ್ಟ ಎಂದು ಚಿತ್ತಮ್ಮ ಪೇಪರಿಗೆ ಹಾಕಿಸಿದ್ದಾಳೆ ಎಂಬಲ್ಲಿಗೆ ಬಂದು ನಿಂತಿತು. ಅಂಗನವಾಡಿಗೆ ಮಕ್ಕಳು ಬರುವುದು ನಿಂತಿತು.

ಹಟ್ಟಿಯ ಹಿರಿಯರು ಕೂಡಿ ಒಂದು ಮಾತು ಹೇಳಿದರು. ದೀಪಾವಳಿಗೆ ಮುಂಚೆ ಗುಡಿಯ ಮುಂದೆ ಕಂಬಳಿ ಹಾಸುತ್ತೇವೆ. ಚಿತ್ತಮ್ಮ ಬಂದು ಅದನ್ನು ಮುಟ್ಟಿ ಆಣೆ ಮಾಡಿ, ‘ನಾನು ಬರೆದದ್ದು ಸುಳ್ಳು, ಇನ್ನು ಬರೆಯುವುದಿಲ್ಲ’ ಎನ್ನಬೇಕು. ಹಾಗೆ ಹೇಳಿದರೆ ಎಲ್ಲವೂ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಹಬ್ಬದಿಂದಾಚೆ ಅವಳ ತಾಯಿಯ ಮನೆಗೆ ಯಾರೂ ಬೆಂಕಿ, ನೀರು ಕೊಡುವ ಹಾಗಿಲ್ಲ, ಆ ಮನೆಯಿಂದ ಪಡೆಯುವ ಹಾಗೂ ಇಲ್ಲ.

ಗಲಾಟೆ ತಣ್ಣಗಾಗುವವರೆಗೆ ದೂರ ಇರು ಎಂದು ತಿಳಿದವರೆಲ್ಲ ಹೇಳಿದ್ದರಿಂದ ಚಿತ್ತಮ್ಮ ಸಿರಾದಲ್ಲಿ, ತನ್ನ ಜೊತೆ ತರಬೇತಿ ಪಡೆದಿದ್ದ ನೂರ್‌ಜಹಾನ್ ಮನೆಗೆ ಹೋದಳು. ಹೋಗುವ ಮುಂಚೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡಳು.

‘ಇನ್ನೊಂದ್ ಪುಟ ಐತೆ ಅಂತ ಹೇಳ್ದೆ ಮೇಡಮ್. ಯಾರೂ ಕಿವಿಗಾಕ್ಕಳ್ಲಿಲ್ಲ. ಸುಳ್ಳು ಅಂದ್ಬುಟ್ರೆ ಅವ್ವ ನೆಮ್ದಿಯಾಗಿರ್ತಾಳೆ. ಆದ್ರೆ ಕಂಬ್ಳಿ ಮುಟ್ಟಿ ಸುಳ್ಳು ಹೇಳಾಕಾಯ್ತದಾ? ನಂಗೆ ಬಾಯೇ ಬರಾಕಿಲ್ಲ.’

ಅವಳ ತೊಡಕು ಇಲ್ಲೇ ಇತ್ತು. ಕಂಬಳಿಯಲ್ಲಿ ನಂಬಿಕೆ ಇಲ್ಲದವಳಾಗಿದ್ದರೆ ಮುಟ್ಟಿ ಒಂದು ಮಾತು ಹೇಳಿ ಎದ್ದು ಬರಬಹುದಿತ್ತು. ನಂಬಿಕೆ ಇತ್ತು. ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಅದಕ್ಕೆ ಇಂಥದೊಂದು ನಂಬಿಕೆಯ ಬುಡ ಇರಬಹುದು ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ನನ್ನ ಕೈಲಾದದ್ದು ಬರೆಯುವುದು. ಒಂದಿಷ್ಟು ಅನುವಾದ ಮಾಡಿದ್ದ ಕಾರಣಕ್ಕೆ ನಾನು ದೇಶದೇಶಗಳ ಲೇಖಕರು ಸೇರಿ ಕಟ್ಟಿಕೊಂಡ ಒಂದು ಸಂಘದ ಸದಸ್ಯೆಯಾಗಿದ್ದೆ. ಅದರ ಕಚೇರಿ ಸಮುದ್ರದಾಚೆ. ಬರೆದದ್ದಕ್ಕಾಗಿ ಜೈಲು ಸೇರಿದವರು, ದೇಶ ಬಿಟ್ಟವರು, ಬಾಯಿ ಮುಚ್ಚಿಸಿಕೊಂಡವರು, ಇಂಥವರ ಪರ ಮಾತಾಡುವುದೇ ಅದರ ಕೆಲಸ. ನಾನು ಚಿತ್ತಮ್ಮನ ಕತೆಯ ಎರಡೂ ಪುಟಗಳನ್ನು ಇಂಗ್ಲಿಷಿಗೆ ತಂದು, ನಡೆದದ್ದನ್ನು ಬರೆದು ಕಳಿಸಿದೆ. ಉತ್ತರ ನಿರೀಕ್ಷಿಸಿರಲಿಲ್ಲ. ಬಂತು, ಬೇಗನೇ ಬಂತು. ಸಜ್ಜನಿಕೆಯ ಪತ್ರ. ಸಂಬಂಧಪಟ್ಟ ಸರ್ಕಾರಕ್ಕೆ ಬರೆಯಲು ಸಿದ್ಧರಿದ್ದೇವೆ, ಲೇಖಕಿಯ ಒಪ್ಪಿಗೆ ಬೇಕು ಎಂದಿದ್ದರು. ಫೋನಿನಲ್ಲಿ ಚಿತ್ತಮ್ಮನಿಗೆ ಓದಿ ಹೇಳಿದೆ.

‘ಅವ್ರು ನಮ್ಮಟ್ಟಿಗೆ ಬತ್ತಾರಾ ಮೇಡಮ್?’

‘ಬರಲ್ಲ. ಪತ್ರ ಬರೀತಾರೆ.’

‘ಯಾರ್ಗೆ?’

‘ಸರ್ಕಾರಕ್ಕೆ.’

‘ಸರ್ಕಾರ ನನ್ನ ಏನೂ ಅಂದಿಲ್ವಲ್ಲ. ಅಂದಿರೋದು ನಮ್ ದೊಡ್ಡಪ್ಪ. ಪತ್ರ ಬರ್ದು ಪೊಲೀಸ್ ಗಿಲೀಸ್ ಬಂದ್ಬುಟ್ರೆ ನಾನು ಆ ಹಟ್ಟಿಗೆ ಇನ್ ಯಾವ್ ಮುಖ ಇಟ್ಕಂಡು ಹೋಗ್ಲಿ? ಬ್ಯಾಡ ಅನ್ನಿ.’

ಬೇಡ ಎಂದೆ. ಸಂಘದವರು ಬೇಸರ ಮಾಡಿಕೊಳ್ಳಲಿಲ್ಲ. ತಮ್ಮಲ್ಲಿ ಇನ್ನೊಂದು ಪದ್ಧತಿ ಇದೆ ಎಂದರು. ಸಭೆಗೆ ಬರಲಾಗದಂತೆ ಯಾವ ಲೇಖಕರನ್ನು ತಡೆದಿದ್ದಾರೋ ಅವರ ಹೆಸರಿನಲ್ಲಿ ವೇದಿಕೆಯ ಮೇಲೆ ಒಂದು ಕುರ್ಚಿಯನ್ನು ಖಾಲಿ ಬಿಡುವುದು. ಯಾರೂ ಅದರಲ್ಲಿ ಕೂರುವುದಿಲ್ಲ. ಸಭೆ ಮುಗಿಯುವವರೆಗೆ ಆ ಖಾಲಿ ಜಾಗವನ್ನು ಎಲ್ಲರೂ ನೋಡುತ್ತಿರಬೇಕು. ನಿಮ್ಮ ಊರಿನಲ್ಲಿ ಹಾಗೆ ಮಾಡಬಹುದಾದರೆ ಮಾಡಿ, ಒಂದು ಚಿತ್ರ ಕಳಿಸಿ ಎಂದು ಬರೆದರು.

ಮೇಷ್ಟ್ರು ಕೇಳಿ ತಲೆ ಕೆರೆದುಕೊಂಡರು. ‘ಖಾಲಿ ಕುರ್ಚಿನಾ? ಖಾಲಿ ಕುರ್ಚಿ ಇಟ್ರೆ ಜನ ಬಂದಿಲ್ಲ ಅಂತ ಅಲ್ವೇನಮ್ಮಾ ಅರ್ಥ?’

ವಿವರಿಸಿದೆ. ವಿವರಿಸಿದ ಮೇಲೆ ಅವರಿಗೆ ಅದು ಬಹಳ ಹಿಡಿಸಿತು. ದೀಪಾವಳಿಯ ಹಿಂದಿನ ಭಾನುವಾರ ಕೂಟ ಎಂದು ನಿಶ್ಚಯವಾಯಿತು. ಮಧ್ಯದಲ್ಲಿ ಚಿತ್ತಮ್ಮನ ಕುರ್ಚಿ. ಅವಳು ಸಿರಾದಿಂದ ಫೋನಿನಲ್ಲಿ ಕತೆಯ ಎರಡೂ ಪುಟ ಓದಬೇಕು, ನಾನು ಫೋನನ್ನು ಮೈಕಿಗೆ ಹಿಡಿಯಬೇಕು. ಜೆರಾಕ್ಸ್ ಅಂಗಡಿಯ ರಮೇಶ ಫೋಟೋ ತೆಗೆಯಬೇಕು. ರಮೇಶ ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ‘ಕತೆ ಓದೋವಾಗ ಮಧ್ಯದ ಕುರ್ಚಿ ಫೋಟೋ ತೆಗಿ’ ಎಂದು ಅವನಿಗೆ ಹೇಳಿದೆ.

ಆ ಭಾನುವಾರ ಸ್ವಾತಿ ಮಳೆ ಹಿಡಿದುಕೊಂಡಿತು. ಹೊಲದಲ್ಲಿ ಕಡಲೆಕಾಯಿ ಕೀಳುವ ಹಾಗಿಲ್ಲ, ಕಿತ್ತದ್ದನ್ನು ಒಣಗಿಸುವ ಹಾಗಿಲ್ಲ. ಕೆಲಸ ನಿಂತ ಜನ ಪೇಟೆಗೆ ಬಂದಿದ್ದರು, ಪೇಟೆಗೆ ಬಂದವರು ನೆನೆಯದ ಜಾಗ ಹುಡುಕುತ್ತಿದ್ದರು. ಮೇಷ್ಟ್ರ ಮಹಡಿ ಹಿಂದೆಂದೂ ಅಷ್ಟು ತುಂಬಿರಲಿಲ್ಲ. ನಾನು ಒಂದು ಹಾಳೆಯಲ್ಲಿ ‘ಚಿತ್ತಮ್ಮ’ ಎಂದು ದಪ್ಪಗೆ ಬರೆದು ಕುರ್ಚಿಯ ಬೆನ್ನಿಗೆ ಅಂಟಿಸಿದೆ. ಎರಡು ಮಾತಿನಲ್ಲಿ ಆ ಕುರ್ಚಿ ಯಾಕೆ ಎಂದೂ ಹೇಳಿದೆ. ಸಭೆ ಗಂಭೀರವಾಯಿತು. ನನಗೂ ಒಂದು ಬಗೆಯ ಹೆಮ್ಮೆ ಆಯಿತು, ಮಧುಗಿರಿಯ ಬೀಜದಂಗಡಿಯ ಮಹಡಿ ಇನ್ನೆಲ್ಲಿಯದೋ ದೊಡ್ಡ ಸಭಾಂಗಣಕ್ಕೆ ಸೇರಿಕೊಂಡಿತು ಎಂಬ ಹೆಮ್ಮೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹಟ್ಟಿಯ ನಾಲ್ಕಾರು ಗಂಡಸರು, ಮುಂದೆ ಯಜಮಾನ ಈರಪ್ಪ. ಎತ್ತರದ ಆಳು, ಬಿಳಿ ಮೀಸೆ, ಹೆಗಲ ಮೇಲೆ ನೀರು ತೊಟ್ಟಿಕ್ಕುವ ಕರಿ ಕಂಬಳಿ. ಬಾಗಿಲಲ್ಲಿ ಮೆಟ್ಟು ಬಿಟ್ಟು ಒಳಗೆ ಬಂದು ಗೋಡೆಗೆ ಒತ್ತಿಕೊಂಡು ನಿಂತರು. ಜಗಳಕ್ಕೆ ಬಂದವರು ಹಾಗೆ ಮೆಟ್ಟು ಬಿಟ್ಟು ಬರುತ್ತಾರಾ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಹೊಳೆದದ್ದು ಜಗಳ ಮಾತ್ರ.

‘ಮೇಷ್ಟ್ರೇ, ಆ ಕತೆ ಓದಿಸ್ಬ್ಯಾಡಿ ಅಂತ ಹೇಳಾಕೆ ಬಂದಿವ್ನಿ’ ಎಂದರು ಈರಪ್ಪ. ದನಿ ಜೋರಿರಲಿಲ್ಲ.

ಮೇಷ್ಟ್ರು ಆ ಮಾತನ್ನು ಕೇಳಿಸಿಕೊಂಡರೋ ಇಲ್ಲವೋ. ಅವರ ಕಣ್ಣಿಗೆ ಬಿದ್ದದ್ದು ನಿಂತಿರುವ ಒಬ್ಬ ಹಿರಿಯ. ಅಷ್ಟು ವರ್ಷದ ಚಾಳಿ ಅವರನ್ನು ಎಬ್ಬಿಸಿಯೇ ಬಿಟ್ಟಿತು.

‘ಯಜಮಾನ್ರೇ, ನೀವು ನಿಂತ್ಕಂಡ್ರೆ ಹೆಂಗೆ? ಬನ್ನಿ, ಬನ್ನಿ, ಮೇಲ್ ಬನ್ನಿ’ ಎಂದು ಹೋಗಿ ಕೈ ಹಿಡಿದರು. ಕರೆತಂದರು. ಇಡೀ ಮಹಡಿಯಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಕೂರಿಸಿದರು. ಕಂಬಳಿಯ ಹಿಂದೆ ಚಿತ್ತಮ್ಮನ ಹೆಸರು ಮುಚ್ಚಿಹೋಯಿತು.

ಕೂರಿಸಿ ನನ್ನ ಮುಖ ನೋಡಿದ ಮೇಲೆ ಅವರಿಗೆ ತಾವು ಮಾಡಿದ್ದೇನು ಎಂದು ಹೊಳೆಯಿತು. ನಾಲಿಗೆ ಕಚ್ಚಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತ್ತು. ಎಬ್ಬಿಸಿ ಎಂದು ಸನ್ನೆ ಮಾಡಿದೆ. ಅವರು ನನ್ನ ಕಿವಿಯ ಹತ್ತಿರ ಬಂದು, ‘ಕೂತ ಹಿರೀರನ್ನ ಎಬ್ಬಿಸೋದಾ? ನನ್ ಕೈಲಾಗಲ್ಲ ಕಣಮ್ಮ’ ಎಂದರು. ಹಟ್ಟಿಯ ಗಂಡಸರು ಏನು ಮಾಡಬೇಕೋ ತಿಳಿಯದೆ ಯಜಮಾನನ ಮುಖ ನೋಡಿದರು. ಯಜಮಾನ ವೇದಿಕೆ ಮೇಲೆ ಕೂತ ಸಭೆಯಲ್ಲಿ ಅವರು ಗಲಾಟೆ ಮಾಡುವ ಹಾಗಿರಲಿಲ್ಲ. ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು.

ಅದೇ ಹೊತ್ತಿಗೆ ಫೋನು ಬಂತು. ನೂರ್‌ಜಹಾನ್ ದನಿ. ‘ಮೇಡಮ್, ನೆಟ್‌ವರ್ಕ್ ಛತ್ ಮೇಲೆ ಹತ್ತಿದ್ರೆ ಮಾತ್ರ ಸಿಕ್ತಾ ಐತೆ. ಇಲ್ಲೂ ಮಳೆ. ಛತ್ರಿ ಹಿಡ್ಕಂಡಿದೀನಿ, ಜಲ್ದಿ ಶುರು ಮಾಡ್ಸಿ.’

ಚಿತ್ತಮ್ಮನಿಗೆ ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ಅವಳು ಓದುತ್ತಿರಲಿಲ್ಲ, ಓದಿದ್ದರೂ ಬೇರೆ ಯಾವುದೋ ದನಿಯಲ್ಲಿ ಓದುತ್ತಿದ್ದಳು. ಫೋನನ್ನು ಮೈಕಿಗೆ ಹಿಡಿದೆ. ಮೊದಲು ಸಿರಾದ ಮಳೆ ಕೇಳಿಸಿತು, ಅದರ ಹಿಂದೆ ಅವಳ ದನಿ.

ಈರಪ್ಪ ಏಳಲು ಒಮ್ಮೆ ಕುರ್ಚಿಯ ತೋಳು ಹಿಡಿದರು. ವೇದಿಕೆಯ ಮೇಲಿಂದ ನಡುವೆ ಎದ್ದು ಹೋಗುವುದು ಮರ್ಯಾದಸ್ಥರ ಲಕ್ಷಣವಲ್ಲ. ಮತ್ತೆ ಕೂತರು. ಗುಡ್ಲು ಬಂತು, ಸೋರುವ ಸೋಗೆ ಬಂತು, ಬೇಲಿ ಬಂತು. ‘ಕೊಡ್ಲಿಲ್ಲ’ ಎಂಬ ಮಾತೂ ಬಂತು. ಹಟ್ಟಿಯವರಲ್ಲಿ ಒಬ್ಬ ಕೆಮ್ಮಿದ. ಅಲ್ಲಿಗೆ ಮೊದಲ ಪುಟ ಮುಗಿಯಿತು. ಚಿತ್ತಮ್ಮ ನಿಲ್ಲಿಸಲಿಲ್ಲ.

‘ಕೊಡ್ಲಿಲ್ಲ. ಹಂಗಂತ ಹೋಗ್ಲೂ ಇಲ್ಲ. ಹೆಗಲ ಮ್ಯಾಗಿಂದ ಕಂಬ್ಳಿ ತಗ್ದು ಮಡಿಸಿ ಕಂಕುಳಾಗೆ ಇಟ್ಕಂಡ. ಕೂಸು ನೆನೀವಾಗ ತಾನೆಂಗೆ ಹೊದ್ಕಳ್ಳಾದು ಅಂತ ಇರ್ಬೇಕು. ಬೇಲಿಯಾಚೆ ಅವ್ನು ನೆಂದ. ಬೇಲಿಯೀಚೆ ನಾವು ನೆಂದ್ವಿ. ಕಂಬ್ಳಿ ಮಾತ್ರ ಮಡಿಸಿದಂಗೇ ಇತ್ತು.’

ಕತೆ ಮುಗಿದಿತ್ತು. ಮೈಕಿನಲ್ಲಿ ಮಳೆ ಮಾತ್ರ ಸುರಿಯುತ್ತಿತ್ತು. ಏನಾದರೂ ಹೇಳಬೇಕಲ್ಲ ಎಂದು ಮೇಷ್ಟ್ರು ತಡವರಿಸಿ, ಎರಡನೆಯ ಚಾಳಿಗೆ ಕೈ ಹಾಕಿದರು. ‘ಯಜಮಾನ್ರು ಎರಡ್ ಮಾತು ಆಡ್ಬೇಕು’ ಎಂದು ಇನ್ನೊಂದು ಮೈಕನ್ನು ಈರಪ್ಪನ ಕೈಗೆ ಕೊಟ್ಟರು.

ಈರಪ್ಪ ಮೈಕನ್ನು ಕೋಲು ಹಿಡಿಯುವ ಹಾಗೆ ಹಿಡಿದುಕೊಂಡರು.

‘ಕಂಬ್ಳಿ ಕೊಡ್ಲಿಲ್ಲ ಅಂತ ಬರ್ದವ್ಳೆ’ ಎಂದರು. ‘ಕೊಡ್ಲಿಲ್ಲ. ಅದು ದಿಟ.’

ಹಟ್ಟಿಯ ಗಂಡಸರು ತಲೆ ಎತ್ತಿದರು.

‘ನಾನೂ ಹೊದ್ಕಳ್ಲಿಲ್ಲ. ಅದ್ನ ಯಾರೂ ನೋಡ್ಲಿಲ್ಲ ಅಂದ್ಕಂಡಿದ್ದೆ. ಅದ್ನೂ ಬರ್ದವ್ಳೆ.’

ನನ್ನ ಕೈಯಲ್ಲಿದ್ದ ಫೋನಿನಿಂದ ಚಿತ್ತಮ್ಮನ ದನಿ ಬಂತು, ಕತೆ ಓದಿದ ದನಿಯಲ್ಲ, ಚಿಕ್ಕ ಹುಡುಗಿಯ ದನಿ. ‘ದೊಡ್ಡಪ್ಪಾ? ನೀನಾ?’

‘ಊಂ ಕಣವ್ವ’ ಎಂದರು ಈರಪ್ಪ, ಫೋನಿನ ಕಡೆ ತಿರುಗಿ. ‘ಮನೆ ಮಾತ ಮನೇಲೇ ಹೇಳ್ಬೋದಿತ್ತು.’

‘ಮನೇಲಿ ಯಾರು ಕೇಳ್ತಿದ್ರು ದೊಡ್ಡಪ್ಪ?’

ಈರಪ್ಪ ಮೈಕನ್ನು ಮೇಷ್ಟ್ರಿಗೆ ಕೊಟ್ಟರು. ಕಾಫಿ ಬಂತು, ಕುಡಿದರು. ಮಳೆ ಕಡಿಮೆಯಾದ ಮೇಲೆ ಎದ್ದು, ಎಲ್ಲರಿಗೂ ಕೈಮುಗಿದು, ಮೆಟ್ಟು ಮೆಟ್ಟಿಕೊಂಡು ಇಳಿದು ಹೋದರು. ಅವರು ಹೋದ ಮೇಲೂ ಆ ವಾಸನೆ ಮಹಡಿಯಲ್ಲಿ ಬಹಳ ಹೊತ್ತು ಇತ್ತು. ಕುರ್ಚಿಯ ಬೆನ್ನಿಗೆ ಅಂಟಿಸಿದ್ದ ಹಾಳೆ ಒದ್ದೆಯಾಗಿ ಹೆಸರಿನ ಶಾಯಿ ಕದಡಿತ್ತು.

ದೀಪಾವಳಿಗೆ ಗುಡಿಯ ಮುಂದೆ ಕಂಬಳಿ ಹಾಸಲಿಲ್ಲ. ಕತೆ ದಿಟ ಎಂದು ಯಜಮಾನನೇ ಪೇಟೆಯಲ್ಲಿ, ಮೈಕಿನಲ್ಲಿ ಹೇಳಿ ಬಂದ ಮೇಲೆ ಅದನ್ನು ಸುಳ್ಳು ಎನ್ನಿಸಲು ಯಾರನ್ನು ಕರೆಯುವುದು? ಹಬ್ಬದ ಬೆಳಿಗ್ಗೆ ಪಕ್ಕದ ಮನೆಯವಳು ಚಿತ್ತಮ್ಮನ ತಾಯಿಯ ಮನೆಗೆ ಬೆಂಕಿ ಕೇಳಿಕೊಂಡು ಬಂದಳಂತೆ, ಮನೆಯಲ್ಲಿ ಗ್ಯಾಸ್ ಒಲೆ ಇದ್ದವಳು. ಚಿತ್ತಮ್ಮ ಸಿರಾದಿಂದ ವಾಪಸಾದಳು. ಅಂಗನವಾಡಿಗೆ ಮಕ್ಕಳು ಬಂದರು, ಒಂದೆರಡು ಮನೆಯವರು ಮಾತ್ರ ಬಹಳ ದಿನ ಕಳಿಸಲಿಲ್ಲ. ಗುಡ್ಲು ಆ ವರ್ಷ ಅಲ್ಲೇ ಇತ್ತು. ಒಂದು ಕತೆಯಿಂದ ಗುಡ್ಲು ಬಿದ್ದುಹೋಯಿತು ಎಂದು ಬರೆದರೆ ಅದು ನಿಜಕ್ಕೂ ಸುಳ್ಳಾಗುತ್ತದೆ. ಬೇಸಿಗೆಯಲ್ಲಿ ನನಗೆ ಮತ್ತೆ ವರ್ಗವಾಯಿತು.

ಹೋಗುವ ಮುಂಚಿನ ಒಂದು ಮಾತು ಉಳಿದಿದೆ. ರಮೇಶ ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿದ್ದ. ಕತೆ ಓದುವಾಗಿನ ಮಧ್ಯದ ಕುರ್ಚಿಯ ಫೋಟೋ, ಒಂದೇ ಒಂದು, ಸ್ಪಷ್ಟವಾಗಿ ಬಂದಿತ್ತು. ಬೇರೆ ಚಿತ್ರ ಇರಲಿಲ್ಲವಾದ್ದರಿಂದ ಅದನ್ನೇ ಸಂಘಕ್ಕೆ ಕಳಿಸಿದೆ. ಕೆಲವು ದಿನಗಳ ಮೇಲೆ ಅಲ್ಲಿಂದ ಸಂಕೋಚದ ಒಂದು ಪತ್ರ ಬಂತು. ಚಿತ್ರಕ್ಕಾಗಿ ಧನ್ಯವಾದ, ಆದರೆ ಇದರಲ್ಲಿ ಕುರ್ಚಿ ಖಾಲಿ ಇಲ್ಲವಲ್ಲ, ಕಪ್ಪು ಹೊದಿಕೆ ಹೊದ್ದು ಕೂತಿರುವ ಈ ಹಿರಿಯರು ಯಾರು, ಇವರೂ ಲೇಖಕರೇ ಎಂದು ಕೇಳಿದ್ದರು.

ಮುಂದಿನ ಕೂಟಕ್ಕೆ ಬಂದ ಚಿತ್ತಮ್ಮನಿಗೆ ಫೋಟೋ ತೋರಿಸಿ, ಅವರ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ತನ್ನ ಹೆಸರನ್ನು ಬೆನ್ನಿಂದ ಮುಚ್ಚಿಕೊಂಡು, ತಲೆ ತಗ್ಗಿಸಿ, ಒಂದು ಕಿವಿಯನ್ನು ಮೈಕಿನ ಕಡೆ ಕೊಟ್ಟು ಕೂತಿದ್ದ ಮುದುಕನನ್ನು ದೊಡ್ಡದು ಮಾಡಿ ನೋಡಿದಳು.

‘ನಮ್ ದೊಡ್ಡಪ್ಪ ಅಂತ ಬರೀರಿ ಮೇಡಮ್’ ಎಂದಳು. ‘ಕತೆ ಕೇಳ್ತಾ ಕುಂತವ್ರೆ ಅನ್ನಿ.’